ಆಲೆಮನೆಯನ್ನು ಬರೆಯುವುದು ಹೇಗೆ: ಕಥೇತರ ಗದ್ಯದ ಪ್ರಕಾರ, ಅಲಂಕಾರ, ಹಂತಗಳು

ಮಂಡ್ಯದ ಕಡೆ ಬೆಲ್ಲ ಮಾಡುವ ಒಂದು ಆಲೆಮನೆ ಎಂದುಕೊಳ್ಳಿ. ಒಂದು ಬದಿಯಲ್ಲಿ ಗಾಣ ಕಬ್ಬು ಅರೆಯುತ್ತಿದೆ, ಇನ್ನೊಂದು ಬದಿಯಲ್ಲಿ ಕೊಪ್ಪರಿಗೆಯೊಳಗೆ ಕಬ್ಬಿನ ಹಾಲು ಕುದಿಯುತ್ತಿದೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯನ್ನು ಒಬ್ಬರು ಬಿಡದೆ ನೂಕುತ್ತಿದ್ದಾರೆ. ಇದರ ಬಗ್ಗೆ 1,500 ಪದಗಳ ಬರಹ ಸಿದ್ಧವಾಗಬೇಕು. ಓದುವವರಿಗೆ ಕಥೆ ಓದಿದ ಸುಖ ಸಿಗಬೇಕು, ಆದರೆ ಅದರಲ್ಲಿ ಒಂದು ಅಕ್ಷರವೂ ಕಟ್ಟಿದ್ದಾಗಿರಬಾರದು. ಕಥೇತರ ಗದ್ಯ ಎಂದು ಕರೆಯುವುದು ಇಂಥ ಬರವಣಿಗೆಯನ್ನು. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂಬುದೆಲ್ಲ ಬರೆಯುವವರ ಇಷ್ಟ. ನಡೆಯದ್ದನ್ನು ಸೇರಿಸುವ ಹಕ್ಕು ಮಾತ್ರ ಅವರಿಗಿಲ್ಲ. ಕೆಳಗಿನ ಎಲ್ಲ ಹಂತಗಳನ್ನೂ ಈ ಒಂದೇ ಆಲೆಮನೆಯನ್ನು ಇಟ್ಟುಕೊಂಡು ನೋಡೋಣ. ನಿಮ್ಮ ವಸ್ತು ಮಗ್ಗವಾಗಿರಬಹುದು, ತಾತನ ಅಂಗಡಿಯಾಗಿರಬಹುದು, ಕ್ರಮ ಬದಲಾಗುವುದಿಲ್ಲ.

ಮೊದಲು ಪ್ರಕಾರ

ಒಂದೇ ಆಲೆಮನೆ ಐದು ಬಗೆಯ ಬರಹವಾಗಬಲ್ಲದು. ಯಾವುದೆಂದು ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದೇ ತಿಳಿಯುವುದಿಲ್ಲ.

ಲಲಿತ ಪ್ರಬಂಧದಲ್ಲಿ ಆಲೆಮನೆ ನೆಪ, ಬರೆಯುವವರ ಮನಸ್ಸಿನ ಓಡಾಟವೇ ವಸ್ತು. ಬೆಲ್ಲದ ವಾಸನೆಯಿಂದ ಹೊರಟು ಸಿಹಿಯ ಆಸೆಗೆ, ಅಲ್ಲಿಂದ ಹಬ್ಬಕ್ಕೆ, ಮತ್ತೆ ಬೆಲ್ಲಕ್ಕೆ ಬರಬಹುದು. ಎ. ಎನ್. ಮೂರ್ತಿರಾವ್ ಅವರ ಲಲಿತ ಪ್ರಬಂಧಗಳ ಸಂಕಲನ 'ಹಗಲುಗನಸುಗಳು' 1937ರಲ್ಲಿ ಬಂತು. ಇಂಥ ಪ್ರಬಂಧ ಎಷ್ಟು ಸಲೀಸಾಗಿ ಕಾಣುತ್ತದೋ ಬರೆಯುವುದು ಅಷ್ಟೇ ಕಷ್ಟ. ಮನಸ್ಸು ಎಲ್ಲೆಲ್ಲಿ ಅಲೆದರೂ ಕೊನೆಗೆ ಮನೆಗೆ ಬರಬೇಕು. ಹೊಸಬರು ಇದರಿಂದ ಶುರು ಮಾಡದಿರುವುದು ಒಳ್ಳೆಯದು.

ವ್ಯಕ್ತಿಚಿತ್ರದಲ್ಲಿ ಪಾಕ ನೋಡುವವರೊಬ್ಬರೇ ಕೇಂದ್ರ. ಆಲೆಮನೆ ಅವರ ಹಿಂದೆ ನಿಲ್ಲುತ್ತದೆ. ಡಿವಿಜಿಯವರ 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ ಹೆಸರುವಾಸಿಗಳ ಜೊತೆಗೆ ಹೆಸರಿಲ್ಲದವರಿಗೂ ಜಾಗವಿದೆ. ದೊಡ್ಡವರನ್ನು ಬರೆಯುವಾಗ ಓದುಗರಿಗೆ ಅರ್ಧ ಮೊದಲೇ ಗೊತ್ತಿರುತ್ತದೆ. ಅಪರಿಚಿತರನ್ನು ಬರೆಯುವಾಗ ಪೂರ್ತಿ ನಾವೇ ಕಟ್ಟಿಕೊಡಬೇಕು. ಹಾಗಾಗಿ ಅಪರಿಚಿತರ ಚಿತ್ರವೇ ಹೆಚ್ಚು ಒಳ್ಳೆಯ ಅಭ್ಯಾಸ.

ನುಡಿಚಿತ್ರದಲ್ಲಿ ಜಾಗ ಮತ್ತು ಕೆಲಸ ಮುಖ್ಯ, ಬರೆಯುವವರು ಬದಿಗೆ ಸರಿಯುತ್ತಾರೆ. ಪತ್ರಿಕೆಗೆ ಬರೆಯುವುದಿದ್ದರೆ ಇದೇ ತಕ್ಕದ್ದು. ಪ್ರವಾಸ ಕಥನದಲ್ಲಿ ಆಲೆಮನೆ ದಾರಿಯಲ್ಲಿ ಸಿಕ್ಕ ಒಂದು ತಂಗುದಾಣ. ಹೊರಗಿನಿಂದ ಬಂದ ಕಣ್ಣು ಏನನ್ನು ತಪ್ಪಾಗಿ ತಿಳಿದಿತ್ತು ಎಂಬುದೂ ಅದರ ಭಾಗ. ಆತ್ಮಕಥನದಲ್ಲಿ ಬಾಲ್ಯದ ಆಲೆಮನೆಯನ್ನು ಈಗಿನ ನೀವು ನೋಡುತ್ತೀರಿ. ಅಲ್ಲಿ ಎರಡು ವಯಸ್ಸಿನ ದನಿ ಇರುತ್ತದೆ, ಅವು ಕಲಸಿಹೋಗಬಾರದು.

ಇನ್ನೊಂದು ಬಗೆಯೂ ಇದೆ: ವಿಷಯ ಬಲ್ಲವರು ತಮ್ಮ ವಿಷಯವನ್ನೇ ಕಥನವಾಗಿಸುವುದು. ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿ ವಿದ್ಯಾರ್ಥಿಗಳ ಜೊತೆಗಿನ ಕಾಡಿನ ಸುತ್ತಾಟಗಳನ್ನು ಬರೆದ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಗಿಡಗಳ ಬಗ್ಗೆ ಬರೆದ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ ಸಿಕ್ಕಿದ್ದನ್ನು ವೈದ್ಯರು, ಎಂಜಿನಿಯರುಗಳು, ರೈತರು ನೆನಪಿಡಬೇಕು.

ನಮ್ಮ ಉದಾಹರಣೆಗೆ ನುಡಿಚಿತ್ರವನ್ನು ಆರಿಸಿಕೊಳ್ಳೋಣ.

ಮೂರು ಸಲ ಹೋಗಿ

ಒಂದೇ ಭೇಟಿಯಲ್ಲಿ ಬರೆದ ನುಡಿಚಿತ್ರ ಗುರುತು ಸಿಕ್ಕಿಬಿಡುತ್ತದೆ. ಅದರಲ್ಲಿ ಎಲ್ಲವೂ ಬರೆಯುವವರ ಬೆರಗಿನ ಕಣ್ಣಿಗೆ ಬಿದ್ದದ್ದೇ ಆಗಿರುತ್ತದೆ. ಮೊದಲ ಭೇಟಿಯಲ್ಲಿ ಏನೂ ಕೇಳದೆ ಒಂದು ಪಾಕ ಮುಗಿಯುವವರೆಗೆ, ಅಂದರೆ ಎರಡು ಮೂರು ಗಂಟೆ, ಸುಮ್ಮನೆ ನೋಡಿ. ಎರಡನೆಯ ಸಲ ಕೇಳಿ. ಮೂರನೆಯ ಸಲ ಬರೆದ ಕರಡು ಕೈಯಲ್ಲಿಟ್ಟುಕೊಂಡು ಹೋಗಿ, ತಪ್ಪಿದ್ದನ್ನು ತಿದ್ದಿಕೊಳ್ಳಿ. ಈ ಮೂರನೆಯ ಭೇಟಿಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಬರಹವನ್ನು ಗಟ್ಟಿ ಮಾಡುವುದೂ ಅದೇ.

ಟಿಪ್ಪಣಿ ಪುಸ್ತಕದ ಪುಟವನ್ನು ಉದ್ದಕ್ಕೆ ಗೆರೆ ಎಳೆದು ಎರಡು ಮಾಡಿ. ಎಡಕ್ಕೆ ಕಂಡದ್ದು ಕೇಳಿದ್ದು ಮಾತ್ರ: "ಸುಣ್ಣದ ತಿಳಿನೀರು ಹಾಕಿದರು. ಮೇಲೆ ಕಪ್ಪು ನೊರೆ ಬಂತು. ಜಾಲರಿಯಿಂದ ತೆಗೆದರು." ಬಲಕ್ಕೆ ನಿಮಗೆ ಅನಿಸಿದ್ದು, ಹೊಳೆದ ಹೋಲಿಕೆ, ಸಂಶಯ. ತಿಂಗಳ ನಂತರ ಬರೆಯಲು ಕೂತಾಗ ಯಾವುದು ನಡೆದದ್ದು, ಯಾವುದು ಊಹೆ ಎಂದು ಬೇರ್ಪಡಿಸಲು ಈ ಗೆರೆಯೊಂದೇ ಆಧಾರ.

ಅಂಕಿಗಳನ್ನು ಅಲ್ಲೇ ಬರೆದುಕೊಳ್ಳಿ, ಆಮೇಲೆ ಬೇರೆ ಕಡೆ ತಾಳೆ ನೋಡಿ. ನೂರು ಕಿಲೋ ಕಬ್ಬಿಗೆ ಸುಮಾರು ಹತ್ತು ಕಿಲೋ ಬೆಲ್ಲ ಎಂಬುದು ಸಾಮಾನ್ಯ ಲೆಕ್ಕ. ಯಾರಾದರೂ ಇಪ್ಪತ್ತು ಎಂದರೆ ನೀವು ತಪ್ಪು ಕೇಳಿಸಿಕೊಂಡಿದ್ದೀರಿ, ಇಲ್ಲವೇ ಅವರು ಬೇರೆ ಯಾವುದೋ ಲೆಕ್ಕ ಹೇಳುತ್ತಿದ್ದಾರೆ. ಮತ್ತೆ ಕೇಳಿ. ಅಚ್ಚಿಗೆ ಬರುವ ಪಾಕದ ಬಿಸಿ ಸುಮಾರು 115ರಿಂದ 118 ಡಿಗ್ರಿ ಸೆಲ್ಸಿಯಸ್. ಆದರೆ ಅಲ್ಲಿ ತಾಪಮಾಪಕ ಇರುವುದು ಅಪರೂಪ. ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಾರೆ. ಬರಹಕ್ಕೆ ಡಿಗ್ರಿಗಿಂತ ಆ ಬೆರಳೇ ಹೆಚ್ಚು ಬೇಕಾದದ್ದು. ಡಿಗ್ರಿ ತಿಳಿದಿದ್ದರೆ ಆ ಬೆರಳು ಎಷ್ಟು ಕರಾರುವಾಕ್ಕು ಎಂಬುದು ನಿಮಗೆ ಅರ್ಥವಾಗುತ್ತದೆ, ಅಷ್ಟೇ.

ಮಾತುಗಳನ್ನು ಅವರು ಆಡಿದ ಹಾಗೆಯೇ ಗುರುತು ಹಾಕಿಕೊಳ್ಳಿ. "ಈಗ ಇಳಿಸದಿದ್ದರೆ ಸೀದುಹೋಗುತ್ತದೆ" ಎಂದು ತಿದ್ದಿ ಬರೆದರೆ ಮನುಷ್ಯ ಮಾಯವಾಗುತ್ತಾರೆ. "ಈಗ ಇಳ್ಸದೇ ಹೋದ್ರೆ ಸೀದೋಯ್ತದೆ" ಎಂದರೆ ಅವರು ಎದುರಿಗೆ ನಿಲ್ಲುತ್ತಾರೆ. ಪ್ರತಿ ಮಾತನ್ನೂ ಹೀಗೆ ಬರೆಯಲು ಹೋದರೆ ಬೇರೆ ಸೀಮೆಯ ಓದುಗರು ತಡವರಿಸುತ್ತಾರೆ. ಒಂದು ದೃಶ್ಯಕ್ಕೆ ಎರಡು ಮೂರು ಮಾತು ಸಾಕು, ಉಳಿದದ್ದನ್ನು ನಿಮ್ಮ ಗದ್ಯದಲ್ಲಿ ಹೇಳಿ. ಇಡೀ ಹಳ್ಳಿಯನ್ನು ಆಡುಮಾತಿನಲ್ಲೂ ನಿಮ್ಮನ್ನು ಮಾತ್ರ ಗ್ರಾಂಥಿಕದಲ್ಲೂ ನಿಲ್ಲಿಸಬೇಡಿ. ಅದು ಅವರನ್ನು ಕೆಳಗಿಟ್ಟ ಹಾಗೆ.

ಒಂದೇ ಪ್ರಶ್ನೆ

ಸಂಗ್ರಹ ಮುಗಿದ ಮೇಲೆ ಬರೆಯುವ ಮುನ್ನ ಒಂದು ಸಾಲಿನ ಪ್ರಶ್ನೆ ಬರೆದಿಡಿ. "ಬೆಲ್ಲ ಹೇಗೆ ಮಾಡುತ್ತಾರೆ" ಎಂಬುದು ಸಾಲದು. ಅದಕ್ಕೆ ಉತ್ತರ ಒಂದು ಪ್ಯಾರಾದಲ್ಲಿ ಮುಗಿಯುತ್ತದೆ. ಹಾಲಿನ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಬಳಸುವ ಕ್ರಮವಿದೆ, ಬಣ್ಣ ತಿಳಿಯಾಗಲಿ ಎಂದು ಸೋಡಿಯಂ ಹೈಡ್ರೋಸಲ್ಫೈಟ್ ಹಾಕುವವರೂ ಇದ್ದಾರೆ. ಕೊಳ್ಳುವವರು ಹೊಂಬಣ್ಣದ ಬೆಲ್ಲವನ್ನೇ ಬಯಸುತ್ತಾರೆ, ಮಾಡುವವರ ಮನೆಯಲ್ಲಿ ಕಪ್ಪು ಬೆಲ್ಲ ಇರಬಹುದು. ಈಗ ಪ್ರಶ್ನೆ ಸಿಕ್ಕಿತು: ಬೆಲ್ಲದ ಬಣ್ಣವನ್ನು ತೀರ್ಮಾನಿಸುವವರು ಯಾರು? ಈ ಪ್ರಶ್ನೆಯನ್ನು ಬರಹದಲ್ಲಿ ಎಲ್ಲೂ ಬರೆಯಬೇಕಾಗಿಲ್ಲ. ಯಾವ ವಿವರ ಉಳಿಯಬೇಕು ಎಂದು ಅದು ಹೇಳುತ್ತದೆ. ಬಣ್ಣಕ್ಕೆ ಸಂಬಂಧಿಸಿದ ನೊರೆ, ಲೋಳೆ, ವರ್ತಕ, ಅಚ್ಚು ಉಳಿಯುತ್ತವೆ. ಗಾಣದ ಮೋಟಾರಿನ ಅಶ್ವಶಕ್ತಿ ಎಷ್ಟೇ ಕಷ್ಟಪಟ್ಟು ಕೇಳಿಕೊಂಡಿದ್ದರೂ ಹೊರಗೆ.

ದಂಡಿಯ ನಾಲ್ಕು ಬಾಗಿಲು

ವರ್ಣನೆಗೆ ಪಾಶ್ಚಾತ್ಯ ಕೈಪಿಡಿಗಳನ್ನು ಹುಡುಕಬೇಕಾಗಿಲ್ಲ. ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಅಲಂಕಾರವಿದೆ: ಸ್ವಭಾವೋಕ್ತಿ. ವಸ್ತು ಹೇಗಿದೆಯೋ ಹಾಗೆ, ಅದರ ಸ್ವಭಾವ ಕಣ್ಣಿಗೆ ಕಟ್ಟುವಂತೆ ಹೇಳುವುದು. ಉಪಮೆ ರೂಪಕಗಳಿಗಿಂತ ಮೊದಲು ಇದನ್ನು ಇಟ್ಟು 'ಆದ್ಯ ಅಲಂಕಾರ' ಎಂದವನು ಸಂಸ್ಕೃತದ ಕಾವ್ಯಮೀಮಾಂಸಕ ದಂಡಿ. ಕನ್ನಡದ 'ಕವಿರಾಜಮಾರ್ಗ' ಬಹುಮಟ್ಟಿಗೆ ಅನುಸರಿಸಿದ್ದು ಆತನ 'ಕಾವ್ಯಾದರ್ಶ'ವನ್ನೇ. ಇನ್ನೊಬ್ಬ ಮೀಮಾಂಸಕ ಕುಂತಕ ಸ್ವಭಾವೋಕ್ತಿಯನ್ನು ಅಲಂಕಾರವೆಂದು ಒಪ್ಪಲಿಲ್ಲ. ಸ್ವಭಾವವೇ ಶರೀರ, ಶರೀರವೇ ತನಗೆ ತಾನು ಒಡವೆಯಾಗುವುದು ಹೇಗೆ ಎಂದು ಕೇಳಿದ. ಕಥೇತರ ಗದ್ಯ ಬರೆಯುವವರಿಗೆ ಇಬ್ಬರೂ ಬೇಕು. ಶರೀರ ಗಟ್ಟಿಯಿಲ್ಲದೆ ಒಡವೆ ಹಾಕಬೇಡಿ ಎಂಬುದು ಕುಂತಕನಿಂದ ಸಿಗುವ ಎಚ್ಚರ. ಇದ್ದದ್ದನ್ನು ಇದ್ದ ಹಾಗೆ ಹೇಳುವುದೂ ಒಂದು ಕಲೆ ಎಂಬುದು ದಂಡಿಯಿಂದ ಸಿಗುವ ಧೈರ್ಯ.

ದಂಡಿ ಸ್ವಭಾವೋಕ್ತಿಯನ್ನು ಜಾತಿ, ಕ್ರಿಯೆ, ಗುಣ, ದ್ರವ್ಯ ಎಂದು ನಾಲ್ಕಾಗಿ ಮಾಡುತ್ತಾನೆ. ಜಾತಿಗೆ ಆತ ಕೊಟ್ಟ ಉದಾಹರಣೆ ಗಿಳಿಗಳು, ಕ್ರಿಯೆಗೆ ಹೆಣ್ಣನ್ನು ಸುತ್ತುವ ಪಾರಿವಾಳ, ಗುಣಕ್ಕೆ ಪ್ರಿಯೆಯ ಸ್ಪರ್ಶ, ದ್ರವ್ಯಕ್ಕೆ ಶಿವ. ಕಾವ್ಯಕ್ಕೆಂದು ಮಾಡಿದ ಈ ವಿಭಾಗವನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡರೆ ಯಾವುದನ್ನು ನೋಡಲು ಮರೆತಿರಿ ಎಂಬುದು ತಕ್ಷಣ ಗೊತ್ತಾಗುತ್ತದೆ.

ಜಾತಿ ಎಂದರೆ ಎಲ್ಲ ಆಲೆಮನೆಗಳಿಗೂ ಸಮಾನವಾದದ್ದು: ಒಲೆ, ಕೊಪ್ಪರಿಗೆ, ಸಿಪ್ಪೆಯ ರಾಶಿ. ಇದಕ್ಕೆ ಎರಡು ವಾಕ್ಯ ಮೀರಬಾರದು. ಕ್ರಿಯೆ ಎಂದರೆ ಕೈಗಳ ಕೆಲಸ: ನೊರೆ ತೆಗೆದವರು ಜಾಲರಿಯನ್ನು ಎಲ್ಲಿ ಬಡಿದು ಖಾಲಿ ಮಾಡುತ್ತಾರೆ, ಪಾಕ ಇಳಿಸುವಾಗ ಎಷ್ಟು ಜನ ಕೈ ಹಾಕುತ್ತಾರೆ, ಯಾರು ಸುಮ್ಮನೆ ನಿಂತಿರುತ್ತಾರೆ. ಬರಹದ ಹೆಚ್ಚಿನ ಪಾಲು ಇಲ್ಲಿಗೇ ಸಲ್ಲಬೇಕು. ಕ್ರಿಯೆಯಲ್ಲಿ ಕಾಲವಿದೆ, ಕಾಲವಿದ್ದಲ್ಲಿ ಓದುಗರು ಮುಂದೇನು ಎಂದು ಕಾಯುತ್ತಾರೆ. ಗುಣ ಎಂದರೆ ಇಂದ್ರಿಯಕ್ಕೆ ಸಿಕ್ಕಿದ್ದು. ಹೊಸಬರು ಕಣ್ಣಿನದನ್ನು ಮಾತ್ರ ಬರೆಯುತ್ತಾರೆ. ನೆಲದ ಅಂಟು ಚಪ್ಪಲಿಗೆ ಹತ್ತುವುದು, ಹಾಲು ಪಾಕವಾಗುತ್ತ ಬಂದಂತೆ ಕುದಿತದ ಸದ್ದು ತೆಳುವಿನಿಂದ ದಪ್ಪಕ್ಕೆ ತಿರುಗುವುದು ಕಣ್ಣಿಗೆ ಸಿಗುವಂಥವಲ್ಲ. ಕೊನೆಯದು ದ್ರವ್ಯ: ಲೋಕದಲ್ಲಿ ಒಂದೇ ಇರುವಂಥದ್ದು. ಯಾವುದೋ ಆಲೆಮನೆಯಲ್ಲ, ಈ ಆಲೆಮನೆ. ಅಂಚಿನಲ್ಲಿ ಬೆಸುಗೆ ಹಾಕಿದ ಈ ಕೊಪ್ಪರಿಗೆ. ಒಂದು ಪುಟಕ್ಕೆ ದ್ರವ್ಯದ ಒಂದು ವಿವರವಾದರೂ ಇಲ್ಲದಿದ್ದರೆ ಆ ಪುಟವನ್ನು ಆಲೆಮನೆಗೆ ಹೋಗದವರೂ ಬರೆದಿರಬಹುದಿತ್ತು.

ದೃಶ್ಯ ಎಷ್ಟು, ಸಾರ ಎಷ್ಟು

ಕಥನದಲ್ಲಿ ಎರಡು ನಡಿಗೆ ಇವೆ. ದೃಶ್ಯದಲ್ಲಿ ಒಂದು ಜಾಗ, ಒಂದು ಹೊತ್ತು, ಎದುರಿಗೆ ಜನ. ಸಾರದಲ್ಲಿ ಹತ್ತು ವರ್ಷವನ್ನು ಒಂದು ವಾಕ್ಯದಲ್ಲಿ ದಾಟಬಹುದು. 1,500 ಪದಗಳಿಗೆ ತಲಾ 300 ಪದದ ಮೂರು ದೃಶ್ಯ ಇಟ್ಟುಕೊಳ್ಳಿ. ಉಳಿದ 600ರಲ್ಲಿ ಸುಮಾರು 400 ಸಾರಕ್ಕೆ, 150 ನಿಮ್ಮ ವಿಚಾರಕ್ಕೆ, ಮಿಕ್ಕದ್ದು ದೃಶ್ಯದಿಂದ ದೃಶ್ಯಕ್ಕೆ ದಾಟುವ ಸಾಲುಗಳಿಗೆ. ಇದು ಕಟ್ಟಳೆಯಲ್ಲ, ಆದರೆ ಮೊದಲ ಹತ್ತು ಬರಹಗಳಲ್ಲಿ ಇದನ್ನು ಮೀರದಿದ್ದರೆ ಒಳ್ಳೆಯದು.

ಬರಹದ ಕಟ್ಟನ್ನು ಹೊರಗಿನಿಂದ ತರಬೇಡಿ, ಕೆಲಸದೊಳಗೇ ಅದು ಇರುತ್ತದೆ. ಒಂದು ಕೊಪ್ಪರಿಗೆ ಹಾಲು ಬೆಲ್ಲವಾಗುವ ಎರಡು ಮೂರು ಗಂಟೆಯೇ ಬರಹದ ಬೆನ್ನೆಲುಬು. ಹಾಲು ಕಾಯುವಾಗ ಹೆಚ್ಚೇನೂ ನಡೆಯುವುದಿಲ್ಲ, ಕಬ್ಬು ಎಲ್ಲಿಂದ ಬಂತು, ದರದ ಕಥೆ ಏನು ಎಂಬ ಸಾರವನ್ನು ಅಲ್ಲಿ ಹೇಳಿ. ನೊರೆ ಏಳುವಾಗ ದೃಶ್ಯಕ್ಕೆ ಮರಳಿ. ಪಾಕ ಹದಕ್ಕೆ ಬರುವ ಕೊನೆಯ ಕೆಲವು ನಿಮಿಷದಲ್ಲಿ ಹಿಂದಿನ ಕಥೆ ಹೇಳಲು ಹೋಗಲೇಬೇಡಿ. ಅಲ್ಲಿ ಎಲ್ಲರೂ ಆತುರದಲ್ಲಿರುತ್ತಾರೆ, ವಾಕ್ಯಗಳೂ ಚಿಕ್ಕದಾಗಲಿ.

ಉಪಮೆ, ಧ್ವನಿ

ಉಪಮೆ ಆ ಲೋಕದಿಂದಲೇ ಬರಬೇಕು. ಕುದಿಯುವ ಪಾಕವನ್ನು ಜ್ವಾಲಾಮುಖಿಗೆ ಹೋಲಿಸಿದರೆ ಜ್ವಾಲಾಮುಖಿಯನ್ನು ಯಾರೂ ನೋಡಿಲ್ಲ. ಆಲೆಮನೆಯೂ ಕಣ್ಮರೆಯಾಗುತ್ತದೆ. ಹೋಳಿಗೆಗೆ ಹೂರಣ ಗಟ್ಟಿಯಾಗುವಾಗ ಬಾಣಲೆಯಲ್ಲಿ ಏಳುವ ಗುಳ್ಳೆಗೆ ಹೋಲಿಸಿ, ಓದುಗರ ಮೂಗಿಗೂ ತಲುಪುತ್ತದೆ. ಪುಟಕ್ಕೆ ಒಂದು ಉಪಮೆ ಸಾಕು. ಎರಡು ಬಂದರೆ ಒಂದು ಇನ್ನೊಂದನ್ನು ತಿನ್ನುತ್ತದೆ.

ಧ್ವನಿ, ಅಂದರೆ ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥ, ಬೇರೆ ಕೆಲಸ ಮಾಡುತ್ತದೆ. ಸಂಸ್ಕೃತದ ಮೀಮಾಂಸಕ ಆನಂದವರ್ಧನ ಕಾವ್ಯದ ಆತ್ಮವೆಂದದ್ದು ಅದನ್ನು. ಗದ್ಯದಲ್ಲಿ ಅದು ಹುಟ್ಟುವುದು ಎರಡು ವಿವರಗಳನ್ನು ಪಕ್ಕಪಕ್ಕ ಇಟ್ಟು ನಡುವೆ ಏನೂ ಹೇಳದೆ ಬಿಟ್ಟಾಗ. ವರ್ತಕರು ಅಚ್ಚನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದ್ದನ್ನು ನೀವು ಕಂಡಿದ್ದರೆ ಬರೆಯಿರಿ. ಅದೇ ದಿನ ಕೆಲಸದವರು ತಮ್ಮ ಚಹಾಕ್ಕೆ ಕಪ್ಪು ಬೆಲ್ಲ ಮುರಿದು ಹಾಕಿಕೊಂಡದ್ದನ್ನು ಕಂಡಿದ್ದರೆ ಮುಂದಿನ ಸಾಲಿನಲ್ಲೇ ಬರೆಯಿರಿ. "ಎಂಥ ವಿಪರ್ಯಾಸ!" ಎಂಬ ಮೂರನೆಯ ವಾಕ್ಯ ಸೇರಿಸಿದಿರೋ, ಓದುಗರು ತಾವೇ ಕಂಡುಕೊಳ್ಳುತ್ತಿದ್ದುದನ್ನು ಕಿತ್ತುಕೊಂಡ ಹಾಗೆ. ಎರಡನ್ನೂ ಕಂಡಿರದಿದ್ದರೆ ಈ ಜೋಡಿ ಎಷ್ಟೇ ಚೆನ್ನಾಗಿದ್ದರೂ ನಿಮ್ಮದಲ್ಲ.

ಕನ್ನಡವೇ ಕೊಟ್ಟಿರುವ ಸಲಕರಣೆ

ಗೊತ್ತಿರುವುದಕ್ಕೂ ಊಹೆಗೂ ನಡುವಿನ ಗೆರೆ ಎಳೆಯಲು ಕನ್ನಡದ ಕ್ರಿಯಾಪದವೇ ಸಾಕು. "ಇಲ್ಲಿ ಮೊದಲು ಎತ್ತಿನ ಗಾಣ ಇತ್ತು" ಎಂದರೆ ನಿಮಗೆ ಗೊತ್ತು. "ಇತ್ತಂತೆ" ಎಂದರೆ ಯಾರೋ ಹೇಳಿದ್ದು. "ಇದ್ದಿರಬೇಕು" ಎಂದರೆ ನೆಲದಲ್ಲಿ ಉಳಿದ ದುಂಡನೆಯ ತುಳಿತ ನೋಡಿ ನೀವು ಕಟ್ಟಿದ ತರ್ಕ. "ಇದ್ದೀತು" ಎಂದರೆ ಬರೀ ಸಾಧ್ಯತೆ. ಈ ನಾಲ್ಕನ್ನು ಸರಿಯಾಗಿ ಬಳಸಿದರೆ ಅಡಿಟಿಪ್ಪಣಿ ಬೇಕಾಗುವುದಿಲ್ಲ. ಒಂದು ಎಚ್ಚರ: "ಅಂತೆ"ಗೆ ಗಾಳಿಮಾತಿನ ಛಾಯೆಯೂ ಇದೆ. ಹೇಳಿದವರ ಮೇಲೆ ನಿಮಗೆ ನಂಬಿಕೆಯಿದ್ದರೆ "ಎಂದು ಅವರು ನೆನೆದರು" ಎಂದು ಬರೆಯುವುದೇ ಗೌರವ.

ಕನ್ನಡ ಗದ್ಯದ ದೊಡ್ಡ ತೊಡಕು ವಾಕ್ಯದ ಬಾಲ. ಕ್ರಿಯಾಪದ ಕೊನೆಗೆ ಬರುವುದರಿಂದ "ಇತ್ತು, ಇತ್ತು, ಇತ್ತು" ಅಥವಾ "ದರು, ದರು, ದರು" ಎಂದು ಸಾಲುಗಟ್ಟಿ ಮದ್ದಳೆ ಬಾರಿಸಿದಂತಾಗುತ್ತದೆ. ಇದನ್ನು ಮುರಿಯಲು ದಾರಿಗಳಿವೆ. ಕ್ರಿಯಾಪದವಿಲ್ಲದ ವಾಕ್ಯ: "ಒಲೆಯ ಬಾಯಿಗೆ ಆಳೆತ್ತರದ ಸಿಪ್ಪೆ." ಕೃದಂತಗಳ ಸರಪಳಿ: "ಅರೆದು, ಸೋಸಿ, ಕಾಯಿಸಿ, ನೊರೆ ತೆಗೆದು, ಮತ್ತೆ ಕಾಯಿಸಿ." ನಡುನಡುವೆ ವರ್ತಮಾನಕಾಲಕ್ಕೆ ತಿರುಗುವುದು: "ಪಾಕ ಏಳುತ್ತದೆ." ಒಂದು ದೃಶ್ಯದೊಳಗೆ ಕಾಲ ಬದಲಾಯಿಸಬೇಡಿ, ದೃಶ್ಯ ಬದಲಾದಾಗ ಬದಲಾಯಿಸಿ.

"ನಾನು" ಎಂಬುದನ್ನು ಕನ್ನಡದಲ್ಲಿ ಸುಲಭವಾಗಿ ಬಿಡಬಹುದು. "ಹೋದೆ" ಎಂದರೆ ಯಾರು ಹೋದದ್ದೆಂದು ಗೊತ್ತು. ಕರಡಿನಲ್ಲಿರುವ "ನಾನು"ಗಳನ್ನೆಲ್ಲ ಗುರುತು ಮಾಡಿ ಮುಕ್ಕಾಲು ಪಾಲು ಅಳಿಸಿ. ಕೊತಕೊತ, ಗಳಗಳ, ಚುರುಚುರು ಮೊದಲಾದ ಅನುಕರಣ ಪದಗಳು ನಮ್ಮ ಭಾಷೆಯ ಸಂಪತ್ತು. ಆದರೆ ಸದ್ದನ್ನು ನಿಜವಾಗಿ ಕೇಳಿಸಿಕೊಂಡಾಗಲೇ ಬಳಸಿ. ತೆಳು ಹಾಲು ಗಳಗಳ ಕುದಿಯುತ್ತದೆ, ಪಾಕ ಹಾಗಲ್ಲ, ಕೊತಕೊತ ಎನ್ನುತ್ತದೆ. ಈ ಒಂದು ಪದದ ವ್ಯತ್ಯಾಸದಲ್ಲೇ ಒಂದು ಗಂಟೆ ದಾಟಿದ್ದು ತಿಳಿಯುತ್ತದೆ.

ಸತ್ಯದ ಲೆಕ್ಕ

ಅನುಮಾನ ಬರುವ ಜಾಗಗಳು ಕೆಲವೇ. ಇಬ್ಬರ ಮಾತನ್ನು ಒಬ್ಬರ ಬಾಯಲ್ಲಿ ಹಾಕಬಹುದೇ? ಬೇಡ. ಹಾಕಲೇಬೇಕಾದರೆ ಹಾಗೆ ಮಾಡಿದ್ದೇನೆ ಎಂದು ಬರಹದಲ್ಲೇ ತಿಳಿಸಿ. ಮೂರು ಭೇಟಿಯನ್ನು ಒಂದೇ ದಿನದಂತೆ ಹೇಳಬಹುದೇ? ದಿನಕ್ಕೆ ಅರ್ಥವಿಲ್ಲದಿದ್ದರೆ ಹೇಳಬಹುದು, ಆದರೆ "ಅಂದು" ಎಂಬ ಪದ ಬಳಸಿದರೆ ಅದು ಸುಳ್ಳಾಯಿತು. ಮೂವತ್ತು ವರ್ಷದ ಹಿಂದಿನ ಸಂಭಾಷಣೆಯನ್ನು ಉದ್ಧರಣ ಚಿಹ್ನೆಯಲ್ಲಿ ಬರೆಯಬಹುದೇ? ಒಂದು ಮಾತು ಮನಸ್ಸಿನಲ್ಲಿ ಕೊರೆದು ಉಳಿದಿದ್ದರೆ ಬರೆಯಿರಿ. ಅರ್ಧ ಪುಟದ ಮಾತುಕತೆ ಯಾರಿಗೂ ನೆನಪಿರುವುದಿಲ್ಲ, ಓದುಗರಿಗೂ ಅದು ಗೊತ್ತು. ಚಿಹ್ನೆ ತೆಗೆದು ಸಾರವಾಗಿ ಹೇಳಿ.

ಹೆಸರು ಬದಲಾಯಿಸುವುದು ತಪ್ಪಲ್ಲ, ಬದಲಾಯಿಸಿದ್ದೀರೆಂದು ತಿಳಿಸಿದರೆ. ಬಣ್ಣಕ್ಕೆ ರಾಸಾಯನಿಕ ಹಾಕುವುದನ್ನು ನಂಬಿ ಹೇಳಿದವರ ಊರು, ಗುರುತು ಬರೆದು ಅವರ ಹೊಟ್ಟೆಪಾಡಿಗೆ ಕುತ್ತು ತರಬಾರದು. ಮನೆಯವರ ಬಗ್ಗೆ ಬರೆದರೆ ಅಚ್ಚಾಗುವ ಮೊದಲೇ ಅವರಿಗೆ ಓದಿ ಹೇಳಿ. ಅವರು ತಪ್ಪೆಂದ ಸಂಗತಿಯನ್ನು ತಿದ್ದಿ, ಇಷ್ಟವಾಗದ ಅಭಿಪ್ರಾಯವನ್ನು ಬೇಕಾದರೆ ಉಳಿಸಿಕೊಳ್ಳಿ.

ತಿದ್ದುವಾಗ

ಕರಡನ್ನು ಒಂದು ವಾರ ಮುಚ್ಚಿಡಿ. ತೆಗೆದ ಮೇಲೆ ಮೊದಲ ಪ್ಯಾರಾ ಅಳಿಸಿ ಓದಿ ನೋಡಿ. "ಭಾರತ ಹಳ್ಳಿಗಳ ದೇಶ", "ಬೆಲ್ಲ ಎಂದರೆ ಯಾರಿಗೆ ಇಷ್ಟವಿಲ್ಲ" ಎಂಬಂಥ ಸಾಲುಗಳು ಬರೆಯುವವರು ಕೈ ಬಿಸಿ ಮಾಡಿಕೊಂಡದ್ದು, ಓದುಗರಿಗೆ ಬೇಕಿಲ್ಲ. ಎರಡನೆಯ ಪ್ಯಾರಾದಿಂದಲೇ ಬರಹ ನಿಂತರೆ ಹಾಗೇ ಬಿಡಿ.

ಆಮೇಲೆ ಗಟ್ಟಿಯಾಗಿ ಓದಿ. ಉಸಿರು ಕಟ್ಟಿದಲ್ಲಿ ವಾಕ್ಯ ಮುರಿಯಿರಿ. ನಾಲಿಗೆ ತೊಡರಿದಲ್ಲಿ ಸಂಸ್ಕೃತದ ಸಮಾಸ ಒಂದು ಕೂತಿರುತ್ತದೆ, ಅದನ್ನು ಬಿಡಿಸಿ. "ಅದ್ಭುತ", "ಅನನ್ಯ", "ಮನಮೋಹಕ", "ರಮಣೀಯ" ಇವುಗಳನ್ನು ಹುಡುಕಿ ತೆಗೆದು, ಆ ಜಾಗದಲ್ಲಿ ಎಡ ಕಾಲಂನಿಂದ ಒಂದು ವಿವರ ತನ್ನಿ. ಅಲ್ಲಿ ವಿವರವೇ ಇಲ್ಲದಿದ್ದರೆ ಇನ್ನೊಮ್ಮೆ ಹೋಗಬೇಕು.

ಕೊನೆಯ ಪ್ಯಾರಾದಲ್ಲಿ ಎಲ್ಲರೂ ಜಾರುವುದು ಒಂದೇ ಜಾಗದಲ್ಲಿ: ನಶಿಸುತ್ತಿರುವ ಕಸುಬು, ಉಳಿಸಿಕೊಳ್ಳಬೇಕಾದ ಪರಂಪರೆ, ಸರ್ಕಾರ ಗಮನ ಹರಿಸಬೇಕು. ಬರಹದುದ್ದಕ್ಕೂ ನೀವು ಸುಮ್ಮನೆ ನಿಂತು ತೋರಿಸಿದ್ದೀರಿ, ಕೊನೆಗೆ ವೇದಿಕೆ ಹತ್ತುವುದೇಕೆ? ಮೂರನೆಯ ಭೇಟಿಯ ಟಿಪ್ಪಣಿ ತೆರೆಯಿರಿ. ಬೆಲ್ಲ ಅಚ್ಚಿಗೆ ಬಿದ್ದ ಮೇಲೆ ಏನಾಗುತ್ತದೆ ಎಂದು ಬರೆದುಕೊಂಡಿರುತ್ತೀರಿ. ಖಾಲಿ ಕೊಪ್ಪರಿಗೆಯ ತಳಕ್ಕೆ ನೀರು ಚೆಲ್ಲಿ ಅಂಟಿದ್ದನ್ನು ಬಿಡಿಸುತ್ತಾರೆ, ಸೋಸಿದ ಹೊಸ ಹಾಲು ಬೀಳುತ್ತದೆ, ಒಲೆಗೆ ಮತ್ತೆ ಸಿಪ್ಪೆ. ಬರಹವನ್ನು ಅಲ್ಲಿಗೆ ಬಿಡಿ.